ಹಡಗು ಸಿಗದ ಕಪ್ತಾನನ ಪುಸ್ತಕ

ಮೊನ್ನೆ ನನ್ನ ಬೈಂಡಿಂಗ್ ಅಂಗಡಿಯಲ್ಲಿ ಮೈದಾ ಅಂಟು ಕಾಸುತ್ತಿದ್ದೆ. ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕಿ ಕಲಕುವಾಗ ಎದ್ದ ಅಂಟಿನ ವಾಸನೆಗೆ ಕುರುಗೋಡಿನ ಮೇಷ್ಟ್ರು ನೆನಪಾದರು. "ಏನ್ ನಾತಲೇ ಇದು!" ಎಂದು ಮೂಗು ಮುಚ್ಚಿಕೊಂಡೇ ಒಳಗೆ ಬರುತ್ತಿದ್ದವರು...

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಆದರೆ ಬಳ್ಳಾರಿಯ ಇಡೀ ಕೌಲ್ ಬಜಾರಿನಲ್ಲಿ ನನ್ನಂತೆ ಪುಸ್ತಕ ಹೊಲಿಯುವವನು ಇನ್ನೊಬ್ಬನಿರಲಿಲ್ಲ. ಇದನ್ನು ಇಂದಿಗೂ ಹೇಳುತ್ತೇನೆ.

ಮೇಷ್ಟ್ರು ಸಿರುಗುಪ್ಪದ ಶಾಲೆಯಲ್ಲಿದ್ದರು. ನಲವತ್ತೆರಡರ ಚಳವಳಿಯಲ್ಲಿ ಮಕ್ಕಳನ್ನು ಮೆರವಣಿಗೆಗೆ ಕರೆದೊಯ್ದರೆಂದು ನೌಕರಿ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಪ್ರತಿ ಸೋಮವಾರ ನೌಕರಿ ತಿರುಗಿ ಕೊಡಿ ಎಂಬ ಅರ್ಜಿ ಹಿಡಿದು ಬಳ್ಳಾರಿಯ ಕಚೇರಿಗೆ ಬರುವರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. "ಮದ್ರಾಸಿನಿಂದ ಕಾಗದ ಬಂದಿಲ್ಲಂತ" ಎನ್ನುತ್ತ ನನ್ನ ಅಂಗಡಿಗೆ ಬಂದು ಕೂರುವರು. ಕೂರುವುದೆಂದರೇನು, ಗಳಿಗೆಗೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರುವರು.

ಇಂಗ್ಲಿಷ್ ಪುಸ್ತಕವೊಂದನ್ನು ನೋಡಿ, ಹತ್ತೊಂಬತ್ತನೇ ಶತಮಾನದ ಒಬ್ಬ ಇಂಗ್ಲಿಷ್ ನೌಕಾಧಿಕಾರಿಯ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಹದಿಮೂರಕ್ಕೇ ಹಡಗು ಹತ್ತಿದವನು. ಆಫ್ರಿಕದ ಕಡಲಲ್ಲಿ ಗುಲಾಮರನ್ನು ಸಾಗಿಸುವ ಹಡಗುಗಳನ್ನು ಬೆನ್ನಟ್ಟಿ ಹಿಡಿದು ಸಂಕೋಲೆ ಬಿಡಿಸಿದವನು. ಕಪ್ತಾನನೂ ಆದ. ಆಮೇಲೆ ಯುದ್ಧವಿಲ್ಲ, ಹಡಗಿಲ್ಲ. ಅರ್ಧ ಸಂಬಳಕ್ಕೆ ದಡದಲ್ಲಿ ಕೂತು, ಹಡಗು ಕೊಡಿ ಎಂದು ವರ್ಷಗಟ್ಟಲೆ ಕಾಗದ ಬರೆದ. ಮೇಲಿನವರು ಸತ್ತಂತೆಲ್ಲ ಹುದ್ದೆ ಏರಿತು, ಹಡಗು ಮಾತ್ರ ಬರಲಿಲ್ಲ.

ಪಕ್ಕದ ಕಲಾಯಿ ಸಾಬರು ಚುಡಾಯಿಸುವರು: "ಏನ್ರೀ ಮೇಷ್ಟ್ರೇ, ಬಿಳೇರು ಹಡಗ ಹತ್ತಿ ಹೋದ್ರು, ನೀವು ತಿರುಗಿ ಇಳಿಸಾಕ ಹತ್ತೀರಲ್ಲ!"

"ಇವನದೂ ನಂದೂ ಒಂದಾ ಗೋಳು ಸಾಬ್ರೇ" ಎಂದು ಮೇಷ್ಟ್ರು ನಗುವರು.

ಬರೆದ ಹಾಳೆಗಳನ್ನು ಹೊಲಿಯಲು ನನಗೇ ಕೊಟ್ಟರು. ಒಂದೊಂದು ಪ್ರಸಂಗಕ್ಕೆ ಬೇರೆ ಹಾಳೆ, ಅಂಕಿ ಹಾಕಿರಲಿಲ್ಲ. ಬಿಸಿಲುಗಾಳಿಗೆ ಎಲ್ಲ ಹಾರಿ ಕಲೆತುಹೋದವು. ಕೇಳಲು ನನಗೆ ಬಿಂಕ. ಓದಿ ನೋಡಿ ನಾನೇ ಜೋಡಿಸಿದೆ. ಮನುಷ್ಯ ಮೊದಲು ಖಾಲಿ ಕೂರುತ್ತಾನೆ, ಅರ್ಜಿ ಹಾಕುತ್ತಾನೆ, ಆಮೇಲಲ್ಲವೇ ನೌಕರಿ? ಹಡಗಿನ ಹಾಳೆಗಳನ್ನೆಲ್ಲ ಕೊನೆಗೆ ಹಾಕಿ ಹೊಲಿದೆ.

ಮೇಷ್ಟ್ರು ನಿಂತಲ್ಲೇ ಕೊನೆಯ ಹಾಳೆ ತೆರೆದರು. "ಹಡಗು ಕಡೀಗೆ ಯಾಕ್ ಬಂತೋ?"

"ಮತ್ತ? ಅಷ್ಟು ದೊಡ್ಡ ಮನಷ್ಯಾ ಕೊನೀತನಕ ಮನ್ಯಾಗ ಕುಂದ್ರತಾನೇನ್ರೀ?"

"ಕುಂತನಪ್ಪ. ಕುಂತಾ ಸತ್ತ. ಬಿಚ್ಚು ಇದನ್ನ."

"ನಾ ಹಾಕಿದ ಹೊಲಗಿ ನಾ ಬಿಚ್ಚಂಗಿಲ್ರಿ" ಎಂದುಬಿಟ್ಟೆ. ವಯಸ್ಸಿನ ಸೊಕ್ಕು... ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದರು.

ಮುಂದೆ ಎಷ್ಟೋ ತಿಂಗಳಿಗೆ ಒಂದು ಸೋಮವಾರ ಬಂದರು. "ತಿರುಗಿ ತಗೊಂಡಾರೋ. ಹೆಡ್‌ಮಾಸ್ಟರ್ ಅಂತ ಬರದಾರ."

"ಸಿರುಗುಪ್ಪಕ್ಕ ಯಾವಾಗ್ರಿ?"

"ಹೋಗೂದೆಲ್ಲಿ? ಹ್ವಾದ ತಿಂಗಳಿಗಾ ಐವತ್ತೈದು ತುಂಬಿ ರಿಟೈರಾದೆ."

"ಪುಸ್ತಕ ತರ್ರಿ ಮೇಷ್ಟ್ರೇ, ಬಿಚ್ಚತೀನಿ" ಎಂದೆ.

"ಈಗ ಬ್ಯಾಡ ಬಿಡು" ಎಂದು ಬಸ್ಸಿಗೆ ಹೋದರು. ಮತ್ತೆ ಬರಲಿಲ್ಲ. ಮುಂದಿನ ಬೇಸಿಗೆಗೆ ಅವರು ತೀರಿಕೊಂಡ ಸುದ್ದಿ ಬಂತು.

ಕುರುಗೋಡಿನ ಯಾವ ಅಟ್ಟದ ಮೇಲಿದೆಯೋ ಆ ಪುಸ್ತಕ... ಹೊಲಿಗೆ ಬಿಟ್ಟಿರಲಾರದು. ಅದರ ಕೊನೆಯ ಹಾಳೆಯಲ್ಲಿ ಕಪ್ತಾನ ಇನ್ನೂ ಹಡಗು ಹತ್ತುತ್ತಿದ್ದಾನೆ. ಮೇಷ್ಟ್ರು ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ.