ಸೀರೆಯ ಮಡಿಕೆಯಲ್ಲಿ ಬಂದ ಚೀಟಿ

ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಸಾಕು, ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಖಟ್-ಖಟ್ ಅನ್ನುವುದು ಆ ತುದಿಯಿಂದ ಈ ತುದಿಯವರೆಗೆ ಆರುತ್ತ ಬರುವುದು ನನಗೆ ಈಗಲೂ ಕೇಳುತ್ತದೆ. ಕಾರ್ಡು ಯಾರಿಗೇ ಬರಲಿ, ಅವನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ಓಣಿಯೆಲ್ಲ ಕೇಳಬೇಕು. ಪ್ರೈವಸಿ ಎಂಬ ಶಬ್ದ ನಾನು ಕಲಿತದ್ದು ಧಾರವಾಡದ ಕಾನ್ವೆಂಟಿನಲ್ಲಿ. ಅದರ ಬೆಲೆ ತಿಳಿದದ್ದು ಪಕ್ಕದ ಮನೆಯ ಕಾಕೂನಿಂದ.

ಗಂಡ ತೀರಿದ ಮೇಲೆ ಕಾಕು ಒಬ್ಬಳೇ ಸೀರೆ ನೇಯ್ದು ಮಗಳನ್ನು ನಾಲ್ಕನೇ ಇಯತ್ತೆಯವರೆಗೆ ಓದಿಸಿ, ನರಗುಂದಕ್ಕೆ ಮದುವೆ ಮಾಡಿ ಕೊಟ್ಟಿದ್ದಳು. ಮಗಳ ಕಾರ್ಡುಗಳಲ್ಲೆಲ್ಲ ಒಂದೇ ಒಕ್ಕಣೆ: ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ.

"ಸಾರಿಗೆ ಉಪ್ಪು ಕಡಿಮಿ ಆದ್ರ ಓಣಿ ಕೂಡಸಾಕಿ ನನ್ನ ಮಗಳು," ಎಂದಳು ಕಾಕು, ನಾನು ಬೇಸಿಗೆ ಸೂಟಿಗೆ ಬಂದಾಗ. "ವರ್ಷಾತು, ಒಂದು ತಕರಾರಿಲ್ಲ. ಇದು ಖರೇ ಅಲ್ಲ. ನನಗ ಓದಾಕ ಕಲಸು."

"ನಾನ ಓದಿ ಹೇಳ್ತೀನಲ್ರೀ ಕಾಕೂ."

"ನೀ ಸಾಲಿಗೆ ಹೋದಮ್ಯಾಲೆ? ಮಗಳ ದುಃಖ ಕಟ್ಟಿ ಮ್ಯಾಲೆ ಕೇಳಲೇನು?"

ಹನ್ನೊಂದು ವರ್ಷದ ಟೀಚರ್ ನಾನು, ಎ ಬಿ ಸಿಯಿಂದ ಶುರು ಮಾಡಿದೆ. "ಸಾಹೇಬಗೇನು ಕೊಟ್ಟೀನಿ ಮಗಳನ್ನ?" ಎಂದು ಕಾಕು ನಕ್ಕಳು. ನನ್ನ ಕನ್ನಡವೋ, ಒತ್ತಕ್ಷರ ಬಂದಲ್ಲಿ ಮುಗ್ಗರಿಸುತ್ತಿತ್ತು. ಮಗಳ ಹರಿದ ಅಂಕಲಿಪಿಯನ್ನು ಹುಡುಕಿ ತೆಗೆದು ಇಬ್ಬರೂ ಕೂತೆವು, ಆನೆಸ್ಟ್ಲಿ, ಇಬ್ಬರೂ ಕಲಿತೆವು. ಮಗ್ಗದ ಎದುರಿನ ಗೋಡೆಗೆ ಇದ್ದಿಲಿನಿಂದ ದಿನಕ್ಕೆ ಮೂರು ಅಕ್ಷರ. ಲಾಳಿ ಒಗೆಯುತ್ತ ಅವನ್ನೇ ನೋಡುವಳು. ತಪ್ಪಿದರೆ, "ನೂಲು ಹರಿದ್ರ ಗಂಟು ಹಾಕೂದಿಲ್ಲೇನು?" ಎಂದು ಮತ್ತೆ ಬರೆಯುವಳು.

ಸೂಟಿ ಮುಗಿಯುವ ಹೊತ್ತಿಗೆ ತಾನೇ ಒಂದು ಚೀಟಿ ಬರೆದಳು: 'ಈಗ ನಾನ ಓದತೀನಿ. ಖರೇ ಬರಿ.' ಅದನ್ನು ಹೊಸ ಸೀರೆಯ ಒಳಮಡಿಕೆಯಲ್ಲಿಟ್ಟು, ನರಗುಂದದ ಸಂತೆಗೆ ಸೀರೆ ಒಯ್ಯುವವನ ಕೈಗೆ ಕೊಟ್ಟಳು. "ಮಗಳ ಕೈಯಾಗ ಕೊಡಪಾ. ಬಣ್ಣ ಸೇರಲಿಲ್ಲಂದ್ರ ವಾಪಸ್ ತಾ."

ಎಂಟು ದಿನಕ್ಕೆ ಸೀರೆ ವಾಪಸ್ ಬಂತು. ಮಡಿಕೆಯಲ್ಲಿ ಬೇರೆ ಚೀಟಿ. ನಾನು ಬಗ್ಗಿದೆ. "ನೀ ಸುಮ್ಮನಿರವಾ," ಎಂದು ಕಾಕು ಬೆರಳಿಟ್ಟಳು. "ಅ... ವ್ವಾ... ಹೊ... ಡಿ... ತಾ... ರ." ಅಕ್ಷರ ಕೂಡಿಸುವುದರಲ್ಲಿ ಮಾತು ಆಕೆಗೆ ತಡವಾಗಿ ಮುಟ್ಟಿತು. ನಾನು ಅಷ್ಟರಲ್ಲೇ ಚೀಟಿ ಪೂರ್ತಿ ಓದಿಬಿಟ್ಟಿದ್ದೆ. 'ಬಂದು ಕರಕೊಂಡು ಹೋಗು' ಎಂಬಲ್ಲಿಗೆ ಬೆರಳು ನಿಂತಿತು. ಕಾಕು ಅಳಲಿಲ್ಲ. ಎದ್ದು ರೊಟ್ಟಿ ಬಡಿಯಲು ಹಿಟ್ಟು ನಾದಿದಳು, ದಾರಿಬುತ್ತಿಗೆ.

ವರ್ಲ್ಡ್ ಲಿಟರಸಿ ಅಂತ ರೇಡಿಯೋದಲ್ಲಿ ಪರ್ಸೆಂಟೇಜ್ ಹೇಳುವಾಗ, ಯಾವ ದೇಶದಲ್ಲಿ ಯಾವ ತಾಯಿ ಹೀಗೆ ಬೆರಳಿಟ್ಟು ಓದುತ್ತಿದ್ದಾಳೋ ಅನ್ನಿಸುತ್ತದೆ ನನಗೆ.

ಆ ವಾರವೇ ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ನಾವು ಊರು ಬಿಟ್ಟೆವು. ಕಾಕು ಮಗಳನ್ನು ಕರೆತಂದಳೆಂದು ಆಮೇಲೆ ಸುದ್ದಿ ಬಂತು. ನಾನು ಆಕೆಯನ್ನು ಕೊನೆಗೆ ನೋಡಿದ್ದು ಚೀಟಿ ಬಂದ ಮರುದಿನ ಮುಂಜಾನೆ, ಬಸ್ ಸ್ಟ್ಯಾಂಡಿನಲ್ಲಿ. ಕೈಯಲ್ಲಿ ಬುತ್ತಿಗಂಟು ಹಿಡಿದು ಬಸ್ಸಿನ ಬೋರ್ಡು ನೋಡುತ್ತ ನಿಂತಿದ್ದಳು.

"ಎಲ್ಲಿಗೆಬೇ?" ಎಂದ ಕಂಡಕ್ಟರ್.

"ರೋಣ ಅಂತ ಬರದೈತಲ್ಲ. ಅಲ್ಲಿಂದ ನರಗುಂದ."

"ಓದಾಕ ಬರತೈತೇನು ನಿನಗ?"

"ಬರತೈತಿ. ಅದಕ್ಕ ಹೊಂಟೀನಿ," ಎಂದು ಕಾಕು ಬಸ್ಸು ಹತ್ತಿದಳು.