ಪದ್ಮಕ್ಕನ ಕೈಗೆ ಸಿಗದ ಗೆರೆ

“ಸಾರೇ, ನಾನೇನೂ ಅಳಿಸಿಲ್ಲ!” ಪನಮರಂನ ಭತ್ತ ಖರೀದಿ ಸಂಘದ ಗುಮಾಸ್ತೆ ಪದ್ಮಕ್ಕ ನಾನು ಒಳಗೆ ಬಂದೊಡನೆ ಗಾಬರಿಯಿಂದ ಅಂದರು. ನಾನು ಬರೆದ ಲೆಕ್ಕದ ಸಾಫ್ಟ್‌ವೇರನ್ನು ಅವರ ಕಂಪ್ಯೂಟರಿಗೆ ಹಾಕಿ ಎರಡೇ ದಿನವಾಗಿತ್ತು. ತೂಕದ ಅಂಕಣದಲ್ಲಿ ಅಂಕಿಗಳ ಬದಲು ಬರೀ ಚುಕ್ಕೆಗಳು. ಹೊರಗೆ ಚೇಕಾಡಿಯ ರೈತರು ರಸೀದಿಗೆ ಕಾಯುತ್ತಿದ್ದರು.

ಅಂಕಿಗಳು ಹಿಡಿಸದಷ್ಟು ಅಂಕಣ ಕಿರಿದಾಗಿತ್ತು, ಅಷ್ಟೆ. ಪಕ್ಕದ ಗೆರೆ ಹಿಡಿದು ಬಲಕ್ಕೆ ಎಳೆಯಲು ಹೇಳಿದೆ. ಕೂದಲೆಳೆಯಂಥ ಆ ಗೆರೆ ಅವರ ಮೌಸಿಗೆ ಸಿಗಲೇ ಇಲ್ಲ. ತಪ್ಪಿ ಅಂಕಣದ ತಲೆಬರಹ ಒತ್ತಿದಾಗಲೆಲ್ಲ ಪಟ್ಟಿಯ ಹೆಸರುಗಳು ಮೇಲೆ ಕೆಳಗಾಗುತ್ತಿದ್ದವು. ನಾಲ್ಕನೇ ಸಲ ಅವರು ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಬೇಡ ಸಾರೇ, ನನ್ನಿಂದ ಎಲ್ಲರದ್ದೂ ಹಾಳಾಗ್ತದೆ,” ಎಂದು ಕುರ್ಚಿ ಬಿಟ್ಟು ಎದ್ದರು. ಇಪ್ಪತ್ತು ವರ್ಷ ಚಿತ್ತಿಲ್ಲದೆ ಲೆಕ್ಕದ ಪುಸ್ತಕ ಬರೆದವರು ಅವರು. ನಾನು ಕೂತು ಎಳೆದೆ. ನನಗೂ ಎರಡು ಸಲ ತಪ್ಪಿತು!

ಅಲ್ಲೇ ಲ್ಯಾಪ್‌ಟಾಪ್ ತೆಗೆದು ಗೆರೆಯನ್ನು ದಪ್ಪ ಮಾಡಿದೆ, ಮೌಸ್ ಹತ್ತಿರ ಬಂದರೆ ಅದು ನೀಲಿಯಾಗುವಂತೆ ಮಾಡಿ ಅವರ ಕಂಪ್ಯೂಟರಿಗೆ ಹಾಕಿದೆ. ಈಗ ಪದ್ಮಕ್ಕ ಒಂದೇ ಸಲಕ್ಕೆ ಎಳೆದರು. ತೂಕಗಳೆಲ್ಲ ಕಂಡವು. ಆದರೂ ಒಂದೊಂದನ್ನೂ ಹಳೆಯ ಪುಸ್ತಕದ ಜೊತೆ ತಾಳೆ ನೋಡಿದ ಮೇಲೆಯೇ ರೈತರನ್ನು ಒಳಗೆ ಕರೆದರು.

ಅವರು ಎದ್ದು ನಿಂತ ಆ ಗಳಿಗೆ ನೆನೆದರೆ ಇಂದಿಗೂ ಕಸಿವಿಸಿ. ನನ್ನ ತಪ್ಪನ್ನು ತಮ್ಮದೆಂದು ನಂಬಿ ಇನ್ನೆಷ್ಟು ಜನ ಸುಮ್ಮನೆ ಎದ್ದು ಹೋಗಿದ್ದಾರೋ!