ತಂಗಿಯ ಕಂಪ್ಯೂಟರಿನಲ್ಲಿ ಗೋಡೆ ಸರಿಸಲು ಹೋದದ್ದು

ಹೊಳಲ್ಕೆರೆಯಲ್ಲಿ ನನ್ನ ತಂಗಿಯದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು ಅವಳ ಕೆಲಸ. ಕಂಪ್ಯೂಟರು ಕೊಡಿಸಿದವನು ನಾನು. ಮುಚ್ಚಿಹೋದ ಆಫೀಸುಗಳ ಹಳೆ ಕಂಪ್ಯೂಟರುಗಳನ್ನು ಚಿತ್ರದುರ್ಗದಲ್ಲಿ ಚೌಕಾಸಿ ಮಾಡಿ ಕೊಂಡು, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಹಿರಿಯೂರು ಹೊಸದುರ್ಗದವರೆಗೂ ಮಾರುವುದೇ ನನ್ನ ಬದುಕು. ಯಾರೂ ಕಲಿಸಿದ್ದಲ್ಲ, ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತದ್ದು.

ಚೌಕಾಸಿ ಒಮ್ಮೆ ರೂಢಿಯಾದರೆ ಬೇಡದ ಕಡೆಯೂ ಬರುತ್ತದೆ. ಡಿಸ್ಕಿನಲ್ಲಿ ಲಿನಕ್ಸ್ ಕೂರುವ ಜಾಗಕ್ಕೆ ರೂಟ್ ಪಾರ್ಟಿಷನ್ ಎನ್ನುತ್ತಾರೆ. ತಂಗಿಯ ಡಿಸ್ಕಿನಲ್ಲಿ ಅದಕ್ಕೆ ಕೈ ಬಿಗಿಹಿಡಿದು ಜಾಗ ಕೊಟ್ಟು, ಅವಳ ಫೈಲುಗಳಿರುವ ಪಕ್ಕದ ಭಾಗಕ್ಕೆ ಧಾರಾಳವಾಗಿ ಬಿಟ್ಟಿದ್ದೆ. ಅಪ್‌ಡೇಟುಗಳು ಸೇರಿ ಸೇರಿ ಆ ಚಿಕ್ಕ ಕೋಣೆ ತುಂಬಿಹೋಯಿತು. ಸರಿಯಾಗಿ ಹೋದ ಮದುವೆ ಸೀಜನ್ನಿನಲ್ಲೇ ಪ್ರಿಂಟ್ ಬರುವುದು ನಿಂತಿತು.

ಅವಳ ವ್ಯಾಪಾರ ನಿಂತಿರುವುದು ಹಳೆ ಫೈಲುಗಳ ಮೇಲೆ. ನಮ್ಮ ಕಡೆ ಎರಡನೇ ಮಗಳ ಮದುವೆಗೆ ಬಂದವರು, ‘ದೊಡ್ಡಾಕೆ ಕಾರ್ಡ್‌ನಂಗೇ ಮಾಡ್ರಿ’ ಎನ್ನುತ್ತಾರೆ. ಯಾವ ದೊಡ್ಡಪ್ಪನ ಹೆಸರು ಮೇಲೆ, ಯಾವ ಸೋದರಮಾವನದು ಕೆಳಗೆ ಎಂದು ಹಿಂದೆ ಜಗಳವಾಡಿ ತೀರ್ಮಾನವಾದದ್ದು ಆ ಫೈಲಿನಲ್ಲಿ ಇರುತ್ತದೆ. ಫೈಲು ಹೋಯಿತೆಂದರೆ ಜಗಳ ಮೊದಲಿನಿಂದ ಶುರು, ಗಿರಾಕಿ ಇನ್ನೊಂದು ಅಂಗಡಿಗೆ.

ಗೋಡೆ ಸರಿಸಿ ಆ ಕೋಣೆ ದೊಡ್ಡದು ಮಾಡಲು ನಾನು ಹೋದ ದಿನ ಬೆಳಗ್ಗೆಯೇ ತಂಗಿ ಕೇಳಿದಳು: “ಅಣ್ಣ, ಮೊದ್ಲು ಒಂದ್ ಕಾಪಿ ತಗಂತೀಯ?”

“ಏನವ್ವ, ನಂಗೇ ಹೇಳ್ಕೊಡ್ತೀಯ? ಕಾಪಿ ಅಂತ ಕುಂತ್ರೆ ಸಂಜೆ ಆಗ್ತೈತೆ. ಊಟದ ಹೊತ್ತಿಗೆ ಮುಗಿಸ್ತೀನಿ ನೋಡು.”

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದ ಕಂಪ್ಯೂಟರು ಚಾಲೂ ಮಾಡಿದೆ. ಅದು ಸರಿಯೇ, ಒಳಗೆ ಜನ ಓಡಾಡುತ್ತಿರುವಾಗ ಗೋಡೆ ಕೆಡವಬಾರದು. ಪಕ್ಕದ ಭಾಗವನ್ನು ಕುಗ್ಗಿಸಿ, ಅದನ್ನು ಇಡಿಯಾಗಿ ಆಚೆಗೆ ತಳ್ಳಿ, ಬಿಟ್ಟ ಜಾಗವನ್ನು ರೂಟಿಗೆ ಸೇರಿಸಬೇಕು. ತಳ್ಳುವಾಗ ಒಳಗಿನದೆಲ್ಲ ಜಾಗ ಬದಲಿಸುತ್ತಿರುತ್ತದೆ. ಆಗ ಕರೆಂಟು ಹೋಗಕೂಡದು. ಯುಪಿಎಸ್ ಇತ್ತು, ಅದೂ ನಾನೇ ಕೊಡಿಸಿದ ಹಳೆಯದು. ಕೆಲಸಕ್ಕೆ ಕೂರುವ ಮುಂಚೆ ಒಮ್ಮೆ ಪ್ಲಗ್ ಕಿತ್ತು ನೋಡಿದ್ದರೆ ಅದರ ಬ್ಯಾಟರಿ ಸತ್ತದ್ದು ತಿಳಿಯುತ್ತಿತ್ತು. ನೋಡಲಿಲ್ಲ.

ಅರ್ಧ ತಳ್ಳಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು.

ಕರೆಂಟು ಬಂದ ಮೇಲೆ ಏನೇನು ಮಾಡಿದರೂ ಅವಳ ಫೈಲುಗಳಿದ್ದ ಭಾಗ ತೆರೆಯಲಿಲ್ಲ. ಸಿರಿಗೆರೆ ಕಡೆಯಿಂದ ಬಂದ ಯಜಮಾನರೊಬ್ಬರು ಎರಡನೇ ಮಗಳ ಕಾರ್ಡಿಗಾಗಿ ಸ್ಟೂಲಿನ ಮೇಲೆ ಕೂತಿದ್ದರು.

“ನಾಳೆ ಬರ್ರಿ ಯಜಮಾನ್ರೆ, ಮಿಷಿನ್ ತೊಂದ್ರೆ ಕೊಡ್ತಾ ಐತೆ,” ಎಂದೆ.

“ಬಂದೇನು ಬಿಡ್ರಿ. ಹಳೇ ಕಾರ್ಡ್ ಐತೋ ಇಲ್ವೋ ಅದನ್ನ ಹೇಳ್ರಿ. ನಮ್ಮ ಅಣ್ಣತಮ್ಮಂದ್ರ ಹೆಸ್ರು ಹೊಸದಾಗಿ ಬರ್ಸಾಕೆ ಕುಂತ್ರೆ ಮದ್ವೇನೇ ನಿಂತೋಗ್ತೈತೆ!”

ತಂಗಿಯನ್ನು ಒಳಗೆ ಕರೆದು, “ಫೈಲು ಹೋದ್ವವ್ವ,” ಎಂದೆ. ಅವಳು ಬೈಯಲಿಲ್ಲ. ಬೀರುವಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಬಿಡಿ ಡಿಸ್ಕ್ ತಂದು ನನ್ನ ಕೈಗಿಟ್ಟಳು.

“ನಿನ್ನೆ ನೀನು ಬರ್ತೀನಿ ಅಂತ ಫೋನ್ ಮಾಡ್ದೆಲ್ಲ, ಆಗ್ಲೇ ಎಲ್ಲಾ ತೆಗ್ದಿಟ್ಟೆ.”

“ಮತ್ತೆ ಬೆಳಗ್ಗೆ ಯಾಕೆ ಕೇಳ್ದೆ?”

“ನೀನೇ ತಗಂಡ್ರೆ ಚೆನ್ನಾಗಿರ್ತಿತ್ತು ಅಂತ. ತೆಗ್ದಿಟ್ಟೀನಿ ಅಂದಿದ್ರೆ, ನನ್ ಮೇಲೆ ನಂಬ್ಕೆ ಇಲ್ವಾ ಅಂತ ನೀನು ಕೂಗಾಡ್ತಿದ್ದೆ. ಅತ್ತಿಗೇನೂ ಹಂಗೇ ಅಂತೆ, ನೀನು ಮಿಕ್ಸಿ ಬಿಚ್ಚಾಕೆ ಕುಂತ್ರೆ ಮೊದ್ಲು ಚಟ್ನಿ ರುಬ್ಬಿಟ್ಕಂತಾಳಂತೆ.”

ನಗಿಸಲು ಹೇಳಿದ್ದಲ್ಲ ಅದು, ಇದ್ದದ್ದನ್ನು ಹೇಳಿದಳು. ಫೈಲು ನಿಜಕ್ಕೂ ಹೋಗಿದ್ದರೆ ಕರೆಂಟಿನವರನ್ನು ಬೈದು ಬಸ್ಸು ಹತ್ತುತ್ತಿದ್ದೆನೇನೋ. ನಾನು ಕಾಲಿಡುವ ಮುಂಚೆ ನನ್ನವರೆಲ್ಲ ಅಮೂಲ್ಯವಾದದ್ದನ್ನು ಎತ್ತಿಡುತ್ತಾರೆ, ಆಮೇಲೆ ಬಾ ಅಣ್ಣ ಎನ್ನುತ್ತಾರೆ. ಎಷ್ಟು ವರ್ಷಗಳಿಂದ ಹೀಗೆಂದು ಕೇಳುವ ಧೈರ್ಯ ಬರಲಿಲ್ಲ.

ಲಿನಕ್ಸನ್ನು ಹೊಸದಾಗಿ ಹಾಕಿ, ಈ ಸಲ ರೂಟಿಗೆ ಕೈಬಿಚ್ಚಿ ಜಾಗ ಕೊಟ್ಟು, ಅವಳ ಡಿಸ್ಕಿನಿಂದ ಫೈಲುಗಳನ್ನು ಇಳಿಸಿದೆ. ಅವಳು ಯಜಮಾನರ ದೊಡ್ಡ ಮಗಳ ಕಾರ್ಡು ತೆರೆದು ಎರಡನೇ ಮಗಳ ಹೆಸರು ಹಾಕಿದಳು. ಪ್ರಿಂಟ್ ಬಂತು.

ಊರಿಗೆ ಹೋಗದೆ ಸಂಜೆವರೆಗೂ ಕಾದು ಕೂತಿದ್ದ ಯಜಮಾನರು ಕಾರ್ಡು ಹಿಡಿದು ನನ್ನತ್ತ ನೋಡಿದರು. “ಇವ್ರು ಕೆಡ್ಸಾಕೆ ಬಂದೋರೋ, ಮಾಡಾಕೆ ಬಂದೋರೋ, ತಾಯಿ?”

“ನಮ್ಮಣ್ಣ ರೀ,” ಎಂದಳು ತಂಗಿ. “ಕರೆಂಟ್ ಹೋದ್ರೆ ಅವ್ನೇನ್ ಮಾಡ್ತಾನೆ? ಕಾಪಿ ತೆಗ್ದಿಡು ಅಂತ ಹೇಳಿದ್ದೇ ಅವ್ನು.”

“ಹೌದಾ! ಬುದ್ಧಿವಂತ್ರು ಬಿಡ್ರಿ ಹಂಗಾರೆ.” ಅವರು ಸ್ಟೂಲನ್ನು ನನ್ನ ಕಡೆಗೆ ಎಳೆದುಕೊಂಡರು. “ನಮ್ಮ ಹಾಲಿನ ಡೈರಿ ಕಂಪ್ಯೂಟ್ರೂ ಜಾಗ ಇಲ್ಲ ಅಂತೈತೆ. ಏನ್ ಮಾಡ್ಬೇಕು ಹೇಳ್ರಿ.”

ಅಲ್ಲ, ನಾನು ಹೇಳಿದ್ದಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ: “ಮೊದ್ಲು ಎಲ್ಲಾದಕ್ಕೂ ಒಂದ್ ಕಾಪಿ ತೆಗೀರಿ. ಆ ಕಾಪಿ ತೆರ್ಕಂತೈತಾ ನೋಡ್ರಿ. ಬ್ಯಾಟ್ರಿ ಪರೀಕ್ಷೆ ಮಾಡ್ರಿ. ಆಮೇಲೆ ಕೈ ಹಚ್ರಿ, ಅವಸ್ರ ಮಾಡ್ಬ್ಯಾಡ್ರಿ.”

ಅವರು ತಲೆಯಾಡಿಸುತ್ತ ಕೇಳಿದರು. ತಂಗಿ ಕಾರ್ಡುಗಳ ಅಂಚು ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ.